ತಟ್ಟೆಯ ಅಂಚಿನಲ್ಲಿ ಉಳಿದ ಕಾಳು

ನಮ್ಮ ಅವ್ವನಿಗೆ 72 ವರ್ಷ. ಚಳ್ಳಕೆರೆ ಹತ್ತಿರದ ಹಳ್ಳಿಯಲ್ಲಿದ್ದಾಳೆ. ಹೋದ ತಿಂಗಳು ಅವಳ ಜತೆ ಊಟಕ್ಕೆ ಕೂತಿದ್ದೆ. ಹುರುಳಿಕಾಳಿನ ಬಸ್ಸಾರು, ಬಿಸಿ ಮುದ್ದೆ. ಅವ್ವ ಮುದ್ದೆ ಮುರಿದು, ಸಾರಲ್ಲಿ ಅದ್ದಿ ನುಂಗಿದಳು. ಒಗ್ಗರಣೆ ಹಾಕಿದ ಕಾಳು ಮಾತ್ರ ತಟ್ಟೆಯ ಅಂಚಿನಲ್ಲೇ ಉಳಿಯಿತು. ಯಾಕವ್ವಾ ಅಂದೆ. "ಹಲ್ಲಿಗೆ ಆಗಲ್ಲ ಕಣವ್ವಾ. ಸಾರಲ್ಲೇ ಎಲ್ಲಾ ಇಳಿದಿರುತ್ತೆ ಬಿಡು" ಅಂದಳು.

ಎಲ್ಲಾ ಇಳಿದಿರುವುದಿಲ್ಲ. ಕಾಳು ಬಸಿದ ನೀರಿಗೆ ರುಚಿ, ಘಮ ಬರುತ್ತವೆ. ಪ್ರೋಟೀನಿನ ಬಹುಪಾಲು ಕಾಳಲ್ಲೇ ನಿಲ್ಲುತ್ತದೆ. ಅವ್ವನ ವಯಸ್ಸಿಗೆ ತುಂಬಾ ಬೇಕಾದದ್ದೂ ಅದೇ.

ವಯಸ್ಸಾದಂತೆ ಮೈಯಲ್ಲಿನ ಮಾಂಸಖಂಡ ಕರಗುತ್ತಾ ಹೋಗುತ್ತದೆ. ಇದಕ್ಕೆ 1989ರಲ್ಲಿ ಅಮೆರಿಕದ ವಿಜ್ಞಾನಿ ಇರ್ವಿನ್ ರೋಸೆನ್‌ಬರ್ಗ್ ಸಾರ್ಕೋಪೀನಿಯಾ ಎಂದು ಹೆಸರಿಟ್ಟರು. ಗ್ರೀಕ್ ಮಾತು, ಮಾಂಸದ ಕೊರತೆ ಎಂದರ್ಥ. ನೆಲ ಹಿಡಿದು ಏಳುವುದು, ಬಸ್ಸಿನ ಮೆಟ್ಟಿಲಿಗೆ ತಡವರಿಸುವುದು, ಬಚ್ಚಲಲ್ಲಿ ಜಾರಿದಾಗ ಮೈ ಹಿಡಿತಕ್ಕೆ ಬಾರದಿರುವುದು, ಇವುಗಳ ಹಿಂದೆ ಬಹಳ ಸಲ ಇದೇ ಇರುತ್ತದೆ. ಇನ್ನೊಂದು ತೊಡಕೂ ಇದೆ. ಸ್ವಲ್ಪ ಪ್ರೋಟೀನ್ ಸಿಕ್ಕರೂ ಹರೆಯದ ಮಾಂಸಖಂಡ ಕಟ್ಟುವ ಕೆಲಸ ಶುರು ಮಾಡುತ್ತದೆ. ವಯಸ್ಸಾದ ಮಾಂಸಖಂಡಕ್ಕೆ ಅಷ್ಟು ಸಾಲದು. ಒಂದೇ ಊಟದಲ್ಲಿ ಸುಮಾರು 25 ಗ್ರಾಂ ಸಿಕ್ಕರೆ ಅದು ಚೆನ್ನಾಗಿ ಎಚ್ಚರಗೊಳ್ಳುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ಹೇಳಿದ ಲೆಕ್ಕ, ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ. 65 ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕೆಂದು ತಜ್ಞರ ಗುಂಪೊಂದು 2013ರಲ್ಲಿ ಸಲಹೆ ಕೊಟ್ಟಿತು. ಅವ್ವ 50 ಕಿಲೋ ಇದ್ದಾಳೆ. ಅಂದರೆ 50ರಿಂದ 60 ಗ್ರಾಂ.

ಬೆಳಗ್ಗೆ ಒಂದು ತಟ್ಟೆ ಉಪ್ಪಿಟ್ಟು, ಆರೇಳು ಗ್ರಾಂ. ಮಧ್ಯಾಹ್ನ 100 ಗ್ರಾಂ ಹಿಟ್ಟಿನ ಮುದ್ದೆ, ಇನ್ನೊಂದು ಏಳು. ರಾತ್ರಿ "ಹಸಿವಿಲ್ಲ" ಅಂತ ಒಂದಿಷ್ಟು ಮಂಡಕ್ಕಿ, ಒಂದು ಲೋಟ ಟೀ. ಮಂಡಕ್ಕಿ ನೋಡೋಕೆ ಬುಟ್ಟಿ ತುಂಬಾ, ತೂಗಿದರೆ 30 ಗ್ರಾಂ ಇಲ್ಲ. ಅದರಲ್ಲಿ ಪ್ರೋಟೀನ್ ಎರಡು ಗ್ರಾಂ. ಹೊಟ್ಟೆ ತುಂಬಿತು ಅಂತ ಅವ್ವ ಮಲಗುತ್ತಾಳೆ. ದಾವಣಗೆರೆ ಕಡೆ ಎಷ್ಟೋ ಮನೆಗಳಲ್ಲಿ ಹಿರಿಯರ ರಾತ್ರಿ ಊಟ ಇದೇ ಅಲ್ವಾ? ನನಗೆ ನಿಜಕ್ಕೂ ಹೆದರಿಕೆ ಹುಟ್ಟಿಸಿದ್ದು ಈ ಲೆಕ್ಕ.

ಮುದ್ದೆಯದ್ದೇನೂ ತಪ್ಪಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಲ್ಲಿಲ್ಲದವರೂ ನುಂಗಬಹುದು. ಅದರ ಜೊತೆ ಹೋಗುವುದು ಬದಲಾಗಬೇಕು, ಅಷ್ಟೇ.

ಬಸ್ಸಾರಿಗೆ ಮಸಾಲೆ ಅರೆಯುವಾಗ ಹೇಗೂ ಒಂದು ಹಿಡಿ ಬೆಂದ ಕಾಳು ಹಾಕುತ್ತೇವೆ. ಅವ್ವನ ಪಾಲಿನ ಕಾಳನ್ನೆಲ್ಲಾ ಅದರ ಜತೆಗೇ ನುಣ್ಣಗೆ ಅರೆದು ಸಾರಿಗೆ ಸೇರಿಸಿದೆವು. 40 ಗ್ರಾಂ ಹುರುಳಿಯಿಂದ ಒಂಬತ್ತು ಗ್ರಾಂ. ತಟ್ಟೆಗೆ ಮೂರು ದೊಡ್ಡ ಚಮಚ ಶೇಂಗಾ ಚಟ್ನಿಪುಡಿ, ಆರು. ಒಂದು ಬಟ್ಟಲು ಮೊಸರು, ಮೂರು. ಮುದ್ದೆಯದ್ದೂ ಸೇರಿ 25 ಆಯಿತು! ಹೊಸದಾಗಿ ಏನನ್ನೂ ಕೊಳ್ಳಲಿಲ್ಲ. ಮೊಟ್ಟೆ ತಿನ್ನುವವರಾದರೆ ಇನ್ನೂ ಸಲೀಸು, ಒಂದಕ್ಕೆ ಆರು ಗ್ರಾಂ.

ಕಿಡ್ನಿ ತೊಂದರೆ ಇರುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರು ಡಾಕ್ಟರನ್ನು ಕೇಳಿಯೇ ಅಳತೆ ಗೊತ್ತು ಮಾಡಿಕೊಳ್ಳಬೇಕು. ಹಾಗೇ ಬಿ12 ವಿಟಮಿನ್ ಕಡೆಗೂ ಗಮನ ಬೇಕು. ಅದು ಕಾಳು, ಸೊಪ್ಪಿನಲ್ಲಿ ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿದೆ. ವಯಸ್ಸಾದ ಹೊಟ್ಟೆಯಲ್ಲಿ ಆಮ್ಲ ಕಡಿಮೆಯಾದರೆ ತಿಂದದ್ದರಿಂದಲೂ ಅದು ಸರಿಯಾಗಿ ಬಿಡಿಸಿಕೊಳ್ಳುವುದಿಲ್ಲ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರು ಬಿ12 ಕಡಿಮೆಯಾಗಿದೆಯೇ ಎಂದು ಒಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ವಯಸ್ಸಾದಂತೆ ಬಾಯಾರಿಕೆಯೂ ಮಂಕಾಗುತ್ತದೆ. ನಮ್ಮ ಕಡೆಯ ಬಿಸಿಲಿಗೆ ಕೇಳುವ ಮೊದಲೇ ಮಜ್ಜಿಗೆ ಕೊಡಬೇಕು, ಉಪ್ಪು ಕಡಿಮೆ ಹಾಕಿ.

ರಾತ್ರಿಯ ಮಂಡಕ್ಕಿ ಬಿಡಿಸಲು ನಾನು ಹೋಗಲಿಲ್ಲ, ಅದು ಅವಳಿಗೆ ಇಷ್ಟ. ಅದಕ್ಕೆ ಹುರಿಗಡಲೆ ಪುಡಿ, ಕುಟ್ಟಿದ ಶೇಂಗಾ ಕಲಸಿಟ್ಟೆ. ಟೀ ಬದಲು ಒಂದು ಲೋಟ ಹಾಲು. ಮೊನ್ನೆ ಫೋನಿನಲ್ಲಿ ಕೇಳಿದರೆ, "ಪುಡಿ ಖಾಲಿ ಆಯ್ತು ಕಣವ್ವಾ, ಬರುವಾಗ ಜಾಸ್ತಿನೇ ಮಾಡ್ಕೊಂಡು ಬಾ" ಅಂದಳು.