ಹಿಂದಿನ ಗಾಲಿ, ಕ್ರೌನ್ ಪಿನಿಯನ್ ಮತ್ತು 113 ಗ್ರಾಂ

ದಾವಣಗೆರೆಯ ಪಿ.ಬಿ. ರಸ್ತೆಯ ಆಸುಪಾಸಿನ ಗ್ಯಾರೇಜುಗಳಲ್ಲಿ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ: "ಬಿಎಸ್-6 ಬಂದಮೇಲೆ ಹಿಂದಿನ ಗಾಲಿ ತಿರುಗೋ ಗಾಡಿಗಳ ಕತೆ ಮುಗೀತು, ಇದ್ದರೆ ಈಗಲೇ ಮಾರ್ಕೊಳ್ಳಿ." ಮಾರಿಸಿ ಕಮಿಷನ್ ಎಣಿಸುವವರಿಗೆ ಇದು ಅನುಕೂಲದ ಮಾತು. ಆದರೆ ಬಿಎಸ್-6 ಎಂಬ ಹೊಗೆಯ ನಿಯಮಕ್ಕೆ ಎಂಜಿನ್ನಿನ ಶಕ್ತಿ ಯಾವ ಗಾಲಿಯನ್ನು ತಿರುಗಿಸುತ್ತದೆ ಎಂಬುದು ಬೇಕಾಗಿಯೇ ಇಲ್ಲ. ಅದು ನೋಡುವುದು ಸೈಲೆನ್ಸರ್ ತುದಿಯನ್ನು. ಡೀಸೆಲ್ ಕಾರಿನ ನೈಟ್ರೋಜನ್ ಆಕ್ಸೈಡುಗಳ ಮಿತಿ ಬಿಎಸ್-4ರಲ್ಲಿ ಕಿಲೋಮೀಟರಿಗೆ 250 ಮಿಲಿಗ್ರಾಂ ಇದ್ದದ್ದು 80ಕ್ಕೆ ಇಳಿಯಿತು; ಮಸಿಯ ಕಣಗಳದು 25ರಿಂದ 4.5ಕ್ಕೆ. ಇದನ್ನು ಸಾಧಿಸುವುದು ಇಂಜೆಕ್ಟರು, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ಮರಳಿಸುವ ಇಜಿಆರ್, ಫಿಲ್ಟರು, ಕ್ಯಾಟಲಿಸ್ಟುಗಳು. ಗೇರ್‌ಬಾಕ್ಸಿನಿಂದ ಹಿಂದಿನ ಗಾಲಿಯತ್ತ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೂ ಇದಕ್ಕೂ ಸಂಬಂಧವಿಲ್ಲ. ಮಾರುತಿ ಈಕೋ ನೋಡಿ: ಹಿಂದಿನ ಗಾಲಿಯ ಗಾಡಿ, 2020ರಲ್ಲಿ ಬಿಎಸ್-6 ಆಯಿತು, ಮಾರಾಟ ನಿಲ್ಲಲಿಲ್ಲ. ಅದರ ಅಣ್ಣ ಓಮ್ನಿ 2019ರಲ್ಲಿ ನಿಂತದ್ದು ಅಪಘಾತ ಸುರಕ್ಷತೆಯ ಪರೀಕ್ಷೆಗೆ ಅದರ ಮೂತಿ ತಡೆಯುವಂತಿರಲಿಲ್ಲ ಎಂಬ ಕಾರಣಕ್ಕೆ.

ಹಿಂದಿನ ಗಾಲಿಗೆ ನಿಜಕ್ಕೂ ಕುತ್ತು ತಂದದ್ದು ಇನ್ನೊಂದು ನಿಯಮ, ಅದರ ಹೆಸರು ಗ್ಯಾರೇಜುಗಳಲ್ಲಿ ಅಷ್ಟಾಗಿ ಕೇಳುವುದಿಲ್ಲ: ಕೆಫೆ. ಒಂದು ಕಂಪನಿ ಒಂದು ವರ್ಷದಲ್ಲಿ ಮಾರಿದ ಎಲ್ಲ ಕಾರುಗಳ ಇಂಗಾಲದ ಡೈಆಕ್ಸೈಡ್ ಸರಾಸರಿಗೆ ಅದು ಮಿತಿ ಹಾಕುತ್ತದೆ. ಮೊದಲ ಹಂತದಲ್ಲಿ ಕಿಲೋಮೀಟರಿಗೆ 130 ಗ್ರಾಂ ಇತ್ತು, 2022-23ರಿಂದ 113 ಗ್ರಾಂ. ಪೆಟ್ರೋಲ್ ಲೆಕ್ಕದಲ್ಲಿ 113 ಗ್ರಾಂ ಎಂದರೆ ನೂರು ಕಿಲೋಮೀಟರಿಗೆ 4.77 ಲೀಟರ್, ಅಂದರೆ ಲೀಟರಿಗೆ ಸುಮಾರು 21 ಕಿ.ಮೀ. ಗಾಡಿಗಳ ಸರಾಸರಿ ತೂಕ ಹೆಚ್ಚಿದ್ದರೆ ಮಿತಿಯೂ ಸ್ವಲ್ಪ ಸಡಿಲವಾಗುತ್ತದೆ. ಇಲ್ಲಿ ಪ್ರತಿ ಗ್ರಾಮಿಗೂ ಲೆಕ್ಕ. ಎಂಜಿನ್ ಕೊಟ್ಟ ಶಕ್ತಿ ಗಾಲಿ ಮುಟ್ಟುವಷ್ಟರಲ್ಲಿ ಎಲ್ಲಿ ಸೋರುತ್ತದೆ ಎಂಬ ಪ್ರಶ್ನೆ ಏಳುವುದು ಇಲ್ಲಿಂದ, ಮತ್ತು ಆ ಪ್ರಶ್ನೆ ನೇರವಾಗಿ ಹಿಂದಿನ ಅಚ್ಚಿನ ಗೇರುಗಳಿರುವ ಪೆಟ್ಟಿಗೆ, ಅಂದರೆ ಹೌಸಿಂಗಿನೊಳಗೆ ಕರೆದೊಯ್ಯುತ್ತದೆ.

ಹಿಂದಿನ ಗಾಲಿಯ ಹಳೇ ವಿನ್ಯಾಸದಲ್ಲಿ ಎಂಜಿನ್ ಉದ್ದಕ್ಕೆ ಕೂರುತ್ತದೆ, ಶಾಫ್ಟು ಉದ್ದಕ್ಕೆ ತಿರುಗುತ್ತದೆ, ಗಾಲಿ ಮಾತ್ರ ಅಡ್ಡಕ್ಕೆ ತಿರುಗಬೇಕು. ಎಲ್ಲೋ ಒಂದು ಕಡೆ ಶಕ್ತಿ 90 ಡಿಗ್ರಿ ಹೊರಳಲೇಬೇಕು. ಹೊರಳಿಸುವುದು ಕ್ರೌನ್ ಪಿನಿಯನ್: ಪಿನಿಯನ್ ಎಂಬ ಚಿಕ್ಕ ಗೇರು ಕ್ರೌನ್ ಎಂಬ ದೊಡ್ಡ ಗೇರನ್ನು ತಿರುಗಿಸುವ ಜೋಡಿ. ಮೊದಮೊದಲು ಪಿನಿಯನ್ನಿನ ನಡುರೇಖೆ ಕ್ರೌನಿನ ನಡುರೇಖೆಯನ್ನು ಸೇರುವಂತೆ ಕೂರಿಸುತ್ತಿದ್ದರು. 1920ರ ದಶಕದಲ್ಲಿ ಅಮೆರಿಕದ ಗ್ಲೀಸನ್ ಕಂಪನಿ ಪಿನಿಯನ್ನನ್ನು ಕೆಳಕ್ಕೆ ಸರಿಸಿ ಹಲ್ಲು ಕತ್ತರಿಸುವ ವಿದ್ಯೆ ಕಂಡುಕೊಂಡಿತು, ಪ್ಯಾಕಾರ್ಡ್ ಕಾರುಗಳು ಅದನ್ನು ಬಳಸಿದವು. ಇದೇ ಹೈಪಾಯ್ಡ್. ಶಾಫ್ಟು ಕೆಳಗಿಳಿಯಿತು, ಕಾರಿನ ನೆಲ ತಗ್ಗಿತು, ಹಲ್ಲುಗಳು ದೊಡ್ಡವಾಗಿ ಗಟ್ಟಿಯಾದವು, ಸದ್ದೂ ಕಡಿಮೆಯಾಯಿತು. ಇಷ್ಟೆಲ್ಲ ಕೊಟ್ಟು ಅದು ಒಂದನ್ನು ಕಿತ್ತುಕೊಂಡಿತು. ಓರೆ ಹಲ್ಲಿನ ಸಾಮಾನ್ಯ ಹೆಲಿಕಲ್ ಗೇರಿನಲ್ಲಿ ಹಲ್ಲು ಎದುರು ಹಲ್ಲಿನ ಮೇಲೆ ಬಹುಪಾಲು ಉರುಳುತ್ತದೆ. ಹೈಪಾಯ್ಡಿನ ಹಲ್ಲು ಉರುಳುತ್ತಲೇ ತನ್ನ ಉದ್ದಕ್ಕೂ ಜಾರುತ್ತದೆ, ಸಾಣೆಕಲ್ಲಿನ ಮೇಲೆ ಗಂಧದ ಕೊರಡು ತೇಯ್ದ ಹಾಗೆ. ಪಿನಿಯನ್ ಎಷ್ಟು ಕೆಳಗೆ ಸರಿದಿದೆಯೋ ತಿಕ್ಕಾಟ ಅಷ್ಟು ಹೆಚ್ಚು. ಹೆಲಿಕಲ್ ಜೋಡಿಯಲ್ಲಿ ಶೇ. 1ರಿಂದ 1.5 ಶಕ್ತಿ ಶಾಖವಾಗಿ ಹೋದರೆ, ಹೈಪಾಯ್ಡಿನಲ್ಲಿ ಸಾಮಾನ್ಯವಾಗಿ ಶೇ. 4ರಿಂದ 6. ಹೆದ್ದಾರಿಯಲ್ಲಿ ಓಡಿ ಬಂದ ಗಾಡಿಯ ಹೌಸಿಂಗ್ ಮುಟ್ಟಿದರೆ ಕೈ ಸುಡುವುದು ಇದಕ್ಕೇ: ಆ ಬಿಸಿ ನೀವು ದುಡ್ಡು ಕೊಟ್ಟು ತುಂಬಿಸಿದ ಡೀಸೆಲ್ಲು.

ಇಂಥ ತಿಕ್ಕಾಟದಲ್ಲಿ ಮಾಮೂಲಿ ಎಣ್ಣೆಯ ಪೊರೆ ಹರಿದುಹೋಗುತ್ತದೆ. ಅದಕ್ಕಾಗಿ ಜಿಎಲ್-5 ದರ್ಜೆಯ ಗೇರ್ ಎಣ್ಣೆಯಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳಿರುತ್ತವೆ. ಹಲ್ಲಿನ ತುದಿ ಬಿಸಿಯಾದ ಜಾಗದಲ್ಲಿ ಅವು ಉಕ್ಕಿನೊಂದಿಗೇ ಕೂಡಿ ತೆಳುವಾದ ರಕ್ಷಾಪದರ ಕಟ್ಟುತ್ತವೆ. ಹೌಸಿಂಗ್ ಬಿಚ್ಚಿದಾಗ ಮೂಗಿಗೆ ಹೊಡೆಯುವ ಕೊಳೆತ ವಾಸನೆ ಗಂಧಕದ್ದು. ಮಿಕ್ಕಿದೆ ಎಂದು ಇದೇ ಎಣ್ಣೆಯನ್ನು ಗೇರ್‌ಬಾಕ್ಸಿಗೂ ಸುರಿಯುವ ಚಾಳಿ ಇದೆ. ಗೇರ್ ಬದಲಿಸುವಾಗ ವೇಗ ಹೊಂದಿಸುವ ಅಲ್ಲಿನ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗುಗಳನ್ನು ಗಂಧಕ ತಿನ್ನುತ್ತದೆ, ಮುಂದೆ ಗೇರ್ ಬೀಳುವಾಗ ಕರ್ ಎನ್ನುತ್ತದೆ. ಗಾಡಿಯ ಕೈಪಿಡಿ ಗೇರ್‌ಬಾಕ್ಸಿಗೆ ಜಿಎಲ್-4 ಎಂದಿದ್ದರೆ ಅದನ್ನೇ ಹಾಕಬೇಕು. ಹೌಸಿಂಗ್ ಎಣ್ಣೆ ಬದಲಿಸುವಾಗ ಗಾಡಿ ಸಮತಟ್ಟಾಗಿ ನಿಂತಿರಲಿ. ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ ನೋಡಿ, ಆಮೇಲೆ ಕೆಳಗಿನದು. ಕೆಳಗಿನದನ್ನು ಬಿಚ್ಚಿ ಎಣ್ಣೆ ಸುರಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಕಚ್ಚಿಕೊಂಡಿದೆ ಎಂದು ಗೊತ್ತಾದರೆ ಗಾಡಿ ಅಲ್ಲೇ ಮಲಗುತ್ತದೆ. ಎಣ್ಣೆ ಫಿಲ್ಲರ್ ತೂತಿನ ಕೆಳ ಅಂಚಿಗೆ ಬಂದರೆ ಸಾಕು, ಹೆಚ್ಚು ಹಾಕಿದರೆ ಕ್ರೌನ್ ಅದನ್ನು ಸುಮ್ಮನೆ ಕಡೆಯುತ್ತಾ ಇನ್ನಷ್ಟು ಶಕ್ತಿ ತಿನ್ನುತ್ತದೆ. ಪಿನಿಯನ್ ಸೀಲು ಮತ್ತೆ ಮತ್ತೆ ಸೋರುತ್ತಿದ್ದರೆ ಸೀಲನ್ನು ಬೈಯುವ ಮೊದಲು ಹೌಸಿಂಗಿನ ಮೇಲಿರುವ ಬ್ರೀದರ್ ನೋಡಿ. ಕೆಸರು ಕಟ್ಟಿ ಅದು ಮುಚ್ಚಿಕೊಂಡರೆ ಒಳಗಿನ ಬಿಸಿಗಾಳಿಗೆ ಹೊರಬರಲು ಇರುವ ದಾರಿ ಸೀಲೊಂದೇ.

ಸೀಲು ಬದಲಿಸುವಾಗ ಇನ್ನೊಂದು ಎಡವಟ್ಟು. ಪಿನಿಯನ್ ನಟ್ಟಿನ ಕೆಳಗೆ ಹಲವು ಗಾಡಿಗಳಲ್ಲಿ ಒತ್ತಿದರೆ ಕುಗ್ಗುವ ಸ್ಲೀವ್ ಇರುತ್ತದೆ, ಬೇರಿಂಗಿನ ಬಿಗಿ ಅದರ ಕೈಲಿದೆ. ನಟ್ಟನ್ನು ಕಣ್ಣಂದಾಜಿಗೆ ಬಿಗಿದರೆ ಸ್ಲೀವ್ ಹೆಚ್ಚು ಕುಗ್ಗುತ್ತದೆ, ಬೇರಿಂಗ್ ಕಾದು ಹಾಳಾಗುತ್ತದೆ. ಸಡಿಲ ಬಿಟ್ಟರೆ ಪಿನಿಯನ್ ಹಿಂದೆ ಮುಂದೆ ಆಡಿ, ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟೇ ಇರಬೇಕಾದ ಹಲ್ಲಿನ ಸಡಿಲ ಕೆಡುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಬಗೆಯ ಊಳು, ಬಿಟ್ಟಾಗ ಇನ್ನೊಂದು ಬಗೆ ಕೇಳಿದರೆ ದೋಷ ಕ್ರೌನ್ ಪಿನಿಯನ್ನಿನಲ್ಲಿ. ತಿರುವಿನಲ್ಲಿ ಮಾತ್ರ ಸದ್ದು ಬದಲಾದರೆ ಗಾಲಿಯ ಬೇರಿಂಗಿನಲ್ಲಿ. ಹೊರಡುವಾಗ "ಟಕ್" ಎಂದರೆ ಮೊದಲು ಪ್ರೊಪೆಲ್ಲರ್ ಶಾಫ್ಟಿನ ತುದಿಯ ಕೀಲನ್ನು, ಅಂದರೆ ಕ್ರಾಸನ್ನು ಅಲ್ಲಾಡಿಸಿ ನೋಡಬೇಕು.

ಆ ಕ್ರಾಸ್ ಕೂಡ ಸಾಮಾನ್ಯವಲ್ಲ. ಒಂದೇ ಕ್ರಾಸ್ ಬಾಗಿ ತಿರುಗಿದರೆ ಆಚೆ ಬದಿಯ ಶಾಫ್ಟು ಒಂದು ಸುತ್ತಿನಲ್ಲೇ ಎರಡು ಸಲ ವೇಗವಾಗಿ ಎರಡು ಸಲ ನಿಧಾನವಾಗುತ್ತದೆ. ಬಾಗು 10 ಡಿಗ್ರಿ ಇದ್ದರೆ ಈ ಏರಿಳಿತ ಶೇ. 1.5ರಷ್ಟು. ಆಚೆ ತುದಿಯ ಎರಡನೇ ಕ್ರಾಸ್ ಅದನ್ನು ಸರಿಗಟ್ಟುವುದು ಶಾಫ್ಟಿನ ಎರಡೂ ತುದಿಯಲ್ಲಿ ಕ್ರಾಸನ್ನು ಹಿಡಿದಿರುವ ಕವೆಗಳು ಒಂದೇ ಸಾಲಿನಲ್ಲಿದ್ದರೆ ಮಾತ್ರ. ಶಾಫ್ಟು ಬಿಚ್ಚುವ ಮುನ್ನ ಉಳಿಯಿಂದಲೋ ಬಣ್ಣದಿಂದಲೋ ಗುರುತು ಹಾಕಿಕೊಳ್ಳಬೇಕು ಎನ್ನುವುದು ಇದಕ್ಕೇ. ಶಾಫ್ಟಿನ ತುಂಡುಗಳು ಕೂಡುವ ಸ್ಪ್ಲೈನ್ ಒಂದು ಹಲ್ಲು ತಪ್ಪಿ ಕೂತರೂ ಹೊಸ ಕ್ರಾಸ್ ಹಾಕಿದ ಗಾಡಿ ನಡುಗುತ್ತದೆ.

ಹಾಗೆ ನೋಡಿದರೆ ಮುಂದಿನ ಗಾಲಿಯ ಯೋಚನೆಯೇ ಹಳೆಯದು. 1769ರಲ್ಲಿ ಫ್ರಾನ್ಸಿನ ಕುನ್ಯೋ ಕಟ್ಟಿದ ಮೂರು ಗಾಲಿಯ ಹಬೆ ಬಂಡಿಯ ಶಕ್ತಿ ಹೋಗುತ್ತಿದ್ದದ್ದು ಮುಂದಿನ ಗಾಲಿಗೆ. 1891ರ ಸುಮಾರಿಗೆ ಪನಾರ್ ಲೆವಾಸೋರ್ ಕಂಪನಿ ಎಂಜಿನ್ ಮುಂದೆ, ಚಾಲನೆ ಹಿಂದೆ ಎಂಬ ಏರ್ಪಾಡು ತಂದಮೇಲೆ ಅದೇ ರೂಢಿಯಾಯಿತು. ಕಾರಣ ಸರಳ: ತಿರುಗುವ, ಜೊತೆಗೆ ಹೊರಳುವ ಮುಂದಿನ ಗಾಲಿಗೆ ಏರಿಳಿತವಿಲ್ಲದೆ ಶಕ್ತಿ ಮುಟ್ಟಿಸುವ ಕೀಲು ಆಗ ಇರಲಿಲ್ಲ. ಅದು ಬಂದದ್ದು 1920ರ ದಶಕದಲ್ಲಿ. 1934ರ ಸಿಟ್ರೋಯೆನ್ ಮುಂದಿನ ಗಾಲಿಯನ್ನೇ ನೆಚ್ಚಿತು, 1959ರ ಮಿನಿ ಎಂಜಿನ್ನನ್ನೇ ಅಡ್ಡ ಮಲಗಿಸಿತು. ಅಡ್ಡ ಎಂಜಿನ್ನಿನ ಶಾಫ್ಟು ಗಾಲಿಯ ಅಚ್ಚಿಗೆ ಸಮಾನಾಂತರ, ಹೊರಳುವ ಕೆಲಸವಿಲ್ಲ, ಹೈಪಾಯ್ಡ್ ಬೇಕಿಲ್ಲ. ಅಮೆರಿಕ 1975ರಲ್ಲಿ ತನ್ನ ಕೆಫೆ ಕಾನೂನು ಮಾಡಿದಾಗ ಅಲ್ಲಿನ ಕಂಪನಿಗಳು ಈ ದಾರಿ ಹಿಡಿದವು. ನಮ್ಮಲ್ಲಿ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಅಂಬಾಸಿಡರ್, ಪದ್ಮಿನಿಗಳು ಹಿಂದೆ ಬಿದ್ದವು.

ಆದರೂ ಲೆಕ್ಕ ಪೂರ್ತಿ ಒಂದೇ ಕಡೆ ವಾಲುವುದಿಲ್ಲ. ಉದ್ದ ಮಲಗಿದ ಗೇರ್‌ಬಾಕ್ಸಿನಲ್ಲಿ ನಾಲ್ಕನೇ ಗೇರು ಸಾಮಾನ್ಯವಾಗಿ ನೇರ: ಒಳಶಾಫ್ಟು ಹೊರಶಾಫ್ಟನ್ನೇ ಕಚ್ಚಿಕೊಳ್ಳುತ್ತದೆ, ಶಕ್ತಿ ಯಾವ ಹಲ್ಲನ್ನೂ ದಾಟದೆ ಹೋಗುತ್ತದೆ. ಅಡ್ಡ ಗೇರ್‌ಬಾಕ್ಸಿನಲ್ಲಿ ಯಾವ ಗೇರಿನಲ್ಲಿದ್ದರೂ ಎರಡು ಜೋಡಿ ಹಲ್ಲು ದಾಟಲೇಬೇಕು. ಹಾಗಾಗಿ ನಾಲ್ಕನೇ ಗೇರಿನಲ್ಲಿ ಹಿಂದಿನ ಗಾಲಿಯ ನಷ್ಟ ಶೇ. 2 ಅಥವಾ 3ರಷ್ಟೇ ಹೆಚ್ಚು. ಐದನೇ ಗೇರಿನಲ್ಲಿ ಮತ್ತೆ ಎರಡು ಜೋಡಿ ಹಲ್ಲು, ಮೇಲೆ ಹೈಪಾಯ್ಡ್, ಅಲ್ಲಿ ಸೋಲು ದೊಡ್ಡದು. ಕಿಲೋಮೀಟರಿಗೆ 150 ಗ್ರಾಂ ಬಿಡುವ ಗಾಡಿಯಲ್ಲಿ ಶೇ. 3 ಎಂದರೆ ನಾಲ್ಕೂವರೆ ಗ್ರಾಂ. ಡ್ರೈವರಿಗೆ ಗೊತ್ತೂ ಆಗದ ವ್ಯತ್ಯಾಸ, ಕಂಪನಿಯ ಕೆಫೆ ಲೆಕ್ಕದಲ್ಲಿ ಮಾತ್ರ ತಲೆನೋವು. ಇನ್ನೋವಾ ಕ್ರಿಸ್ಟಾ ಹಿಂದಿನ ಗಾಲಿಯ ಡೀಸೆಲ್. 2022ರಲ್ಲಿ ಬಂದ ಹೈಕ್ರಾಸ್ ಮುಂದಿನ ಗಾಲಿಯದು, ಅದರ ಹೈಬ್ರಿಡ್ ಲೀಟರಿಗೆ 23 ಕಿ.ಮೀ. ದಾಟುತ್ತದೆಂದು ಕಂಪನಿ ಹೇಳುತ್ತದೆ. ಈ ಮೈಲೇಜಿನ ಸಿಂಹಪಾಲು ಹೈಬ್ರಿಡ್‌ನದು ಮತ್ತು ಚಾಸಿ ಇಲ್ಲದ ಹಗುರ ಮೈಯದು. ಗಾಲಿ ಬದಲಾದದ್ದಕ್ಕೆ ಸಲ್ಲುವ ಪಾಲು ಚಿಕ್ಕದು, ಹೊಗಳಿಕೆ ಮಾತ್ರ ಅದಕ್ಕೇ ಸಿಗುತ್ತದೆ.

ಈಗ ಬ್ಯಾಟರಿ ಕಾರಿಗೆ ಬನ್ನಿ, ಚಿತ್ರ ತಲೆಕೆಳಗಾಗುತ್ತದೆ. ಮೋಟಾರು ಚಿಕ್ಕದು. ಹಿಂದಿನ ಎರಡು ಗಾಲಿಗಳ ನಡುವೆಯೇ, ಅಡ್ಡಕ್ಕೆ, ಗಾಲಿಯ ಅಚ್ಚಿಗೆ ಸಮಾನಾಂತರವಾಗಿ ಕೂರುತ್ತದೆ. ಎರಡು ಹಂತದ ಹೆಲಿಕಲ್ ಗೇರು ವೇಗವನ್ನು ಹತ್ತಿರ ಹತ್ತಿರ ಹತ್ತರಲ್ಲಿ ಒಂದಕ್ಕೆ ಇಳಿಸುತ್ತದೆ. ಉದ್ದ ಶಾಫ್ಟಿಲ್ಲ, ಕ್ರಾಸಿಲ್ಲ, 90 ಡಿಗ್ರಿಯ ಹೊರಳಿಲ್ಲ. ಹಿಂದಿನ ಗಾಲಿಗೆ ನೂರು ವರ್ಷ ಅಂಟಿಕೊಂಡಿದ್ದ ನಷ್ಟ ಹೌಸಿಂಗಿನ ಜೊತೆಗೇ ಹೋಯಿತು. ಮಹೀಂದ್ರದ ಬಿಇ 6 ಮತ್ತು ಎಕ್ಸ್‌ಇವಿ 9ಇ, ಎಂಜಿಯ ಪುಟ್ಟ ಕಾಮೆಟ್, ಎಲ್ಲ ಹಿಂದಿನ ಗಾಲಿಯವೇ. ಟಾಟಾ ಹ್ಯಾರಿಯರ್ ಇವಿಯಲ್ಲಿ ಒಂದು ಮೋಟಾರಿನ ಮಾದರಿಯೂ ಹಾಗೆಯೇ. ನೆಕ್ಸಾನ್ ಇವಿ ಮುಂದಿನ ಗಾಲಿಯದಾದದ್ದು ಅದು ಪೆಟ್ರೋಲ್ ಕಾರಿನ ಮೈಯಲ್ಲಿ ಹುಟ್ಟಿದ್ದರಿಂದ. ಮುಂದಿನ ಗಾಲಿಗೆ ಚಾಲನೆಯ ಹೊರೆ ಇಲ್ಲವಾದ್ದರಿಂದ ಹೆಚ್ಚು ಕೋನಕ್ಕೆ ತಿರುಗಿಸಬಹುದು. ಕಾಮೆಟ್ 4.2 ಮೀಟರ್ ತ್ರಿಜ್ಯದಲ್ಲಿ ಸುತ್ತುತ್ತದೆ, ಚಿತ್ರದುರ್ಗದ ಕೋಟೆ ಬುಡದ ಓಣಿಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ. 1,500 ಕೆ.ಜಿ. ಕಾರು ಚುರುಕಾಗಿ ಹೊರಟಾಗ ಮುಂದಿನಿಂದ ಹಿಂದಕ್ಕೆ 70 ಕೆ.ಜಿ. ಆಸುಪಾಸಿನ ಭಾರ ಸರಿಯುತ್ತದೆ. ಎಳೆಯಬೇಕಾದ ಗಾಲಿಯೇ ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ.

ಒಂದು ಕೊರತೆ ಇದೆ, ಜಾಹೀರಾತಿನಲ್ಲಿ ಅದನ್ನು ಹೇಳುವುದಿಲ್ಲ. ಬ್ರೇಕಿನಲ್ಲಿ ಭಾರ ಮುಂದಕ್ಕೆ ಸರಿಯುತ್ತದೆ, ಬ್ರೇಕಿನ ಶಕ್ತಿಯನ್ನು ಬ್ಯಾಟರಿಗೆ ಮರಳಿಸುವ ಮೋಟಾರು ಮಾತ್ರ ಹಗುರಾದ ಹಿಂದಿನ ಗಾಲಿಯಲ್ಲಿದೆ. ಒಣ ರಸ್ತೆಯಲ್ಲಿ ಹದವಾಗಿ ನಿಲ್ಲಿಸುವಾಗ ಇದು ಲೆಕ್ಕಕ್ಕಿಲ್ಲ. ಮಳೆ ನೆನೆದ ಮಣ್ಣು ರಸ್ತೆಯಲ್ಲಿ ಹಿಂದಿನ ಗಾಲಿ ಜಾರುವ ಮೊದಲೇ ಕಂಪ್ಯೂಟರ್ ಮರುಚಾರ್ಜನ್ನು ತಗ್ಗಿಸಿ ಸಾಮಾನ್ಯ ಬ್ರೇಕಿಗೆ ಬಿಡುತ್ತದೆ. ಅಂಥ ರಸ್ತೆಯಲ್ಲಿ ಮರುಚಾರ್ಜಿನ ಮಟ್ಟವನ್ನು ನೀವೇ ಕಡಿಮೆ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಕೆಫೆಯ ಚಮತ್ಕಾರ. ಅದು ಬ್ಯಾಟರಿ ಕಾರನ್ನು ಸೊನ್ನೆ ಗ್ರಾಂ ಎಂದು ಬರೆದುಕೊಳ್ಳುತ್ತದೆ, ಸಾಲದ್ದಕ್ಕೆ ಎರಡನೇ ಹಂತದಲ್ಲಿ ಒಂದನ್ನು ಮೂರು ಎಂದು ಎಣಿಸುತ್ತದೆ. ಅಂದರೆ ಹಿಂದಿನ ಗಾಲಿಯ ಒಂದು ಬ್ಯಾಟರಿ ಕಾರು ಮಾರಿದರೆ, ಹಿಂದಿನ ಗಾಲಿಯ ಹಲವು ಡೀಸೆಲ್ ಗಾಡಿಗಳ ಪಾಪ ತೊಳೆಯಬಹುದು. ಸ್ಕಾರ್ಪಿಯೊದಂಥವು ಉಳಿಯುವುದಕ್ಕೆ ಇದೂ ಒಂದು ದಾರಿ. ಸೊನ್ನೆ ಎಂಬುದು ಕಾಗದದ ಸೊನ್ನೆ: ನೂರು ಕಿಲೋಮೀಟರಿಗೆ 15 ಯೂನಿಟ್ ಬಳಸುವ ಕಾರು, ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬಿಡುವ ನಮ್ಮ ದೇಶದ ಗ್ರಿಡ್ಡಿನಿಂದ ಚಾರ್ಜಾದರೆ, ಕಿಲೋಮೀಟರಿಗೆ 105 ಗ್ರಾಂ ಆಗುತ್ತದೆ. ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳು ಹೆಚ್ಚು ತಿರುಗುವುದು ಮುಂಗಾರಿನ ತಿಂಗಳುಗಳಲ್ಲಿ, ಉಳಿದ ಕಾಲದಲ್ಲಿ ಕಲ್ಲಿದ್ದಲೇ ಗತಿ ಎನ್ನುವ ದಿನಗಳು ಇನ್ನೂ ಬಹಳ ಇವೆ.

ಸರಕಿನ ಗಾಡಿಗಳ ದಾರಿ ಬೇರೆ. ಕೆಫೆ ಅನ್ವಯಿಸುವುದು ಜನ ಕೂರುವ ಕಾರುಗಳಿಗೆ. ಎಪಿಎಂಸಿಗೆ ಮೆಕ್ಕೆಜೋಳ ತರುವ ಪಿಕಪ್ಪು, ಚನ್ನಗಿರಿಯ ಅಡಿಕೆ ಹೊರುವ ಟಾಟಾ ಏಸ್ ಅದರ ಲೆಕ್ಕದಲ್ಲಿಲ್ಲ. ಹೇರು ಬೀಳುವುದು ಹಿಂದಿನ ಗಾಲಿಯ ಮೇಲೆ, ಎಳೆತವೂ ಅಲ್ಲೇ ಬೇಕು. ಖಾಲಿ ಪಿಕಪ್ಪು ಎರೆ ಹೊಲದ ಬದಿಯಲ್ಲಿ ಹೂತುಕೊಳ್ಳುವುದು ಇದರ ಇನ್ನೊಂದು ಮುಖ: ಹಿಂದೆ ಭಾರವಿಲ್ಲ, ಡಿಫರೆನ್ಷಿಯಲ್ ಎರಡೂ ಗಾಲಿಗೆ ಒಂದೇ ಪ್ರಮಾಣದ ತಿರುಚು ಬಲ ಕೊಡುವುದರಿಂದ ಜಾರುವ ಗಾಲಿಗೆ ಎಷ್ಟೋ, ಗಟ್ಟಿ ನೆಲದ ಗಾಲಿಗೂ ಅಷ್ಟೇ. ಅಚ್ಚಿನ ಮೇಲೆ ಐವತ್ತು ಕೆ.ಜಿ.ಯ ನಾಲ್ಕು ಚೀಲ ಇಟ್ಟರೆ ಬಹಳಷ್ಟು ಸಲ ಹೊರಬರುತ್ತದೆ. ಇಂಥ ಗಾಡಿಗಳು ಬ್ಯಾಟರಿಗೆ ಹೋದಾಗಲೂ ಪಟ್ಟಿ ಸ್ಪ್ರಿಂಗಿನ ಗಟ್ಟಿ ಅಚ್ಚು ಬಿಡುವುದು ಕಷ್ಟ. ಮೋಟಾರನ್ನು ಅಚ್ಚಿನ ಮೇಲೇ ಹೊರಿಸಿದರೆ ಪ್ರತಿ ಗುಂಡಿಯ ಹೊಡೆತ ನೇರ ಅದಕ್ಕೇ ಬೀಳುತ್ತದೆ, ಹೀಗಾಗಿ ಹಲವು ತಯಾರಕರು ಮೋಟಾರನ್ನು ಚಾಸಿಗೆ ಕಟ್ಟಿ, ಅಲ್ಲಿಂದ ಅದೇ ಪ್ರೊಪೆಲ್ಲರ್ ಶಾಫ್ಟು, ಅದೇ ಕ್ರೌನ್ ಪಿನಿಯನ್ ಉಳಿಸಿಕೊಳ್ಳುತ್ತಾರೆ. ಅಂಥ ಗಾಡಿಗೆ ಡೀಸೆಲ್ ಬೇಡ, ಎಂಜಿನ್ ಆಯಿಲ್ ಬೇಡ; ಜಿಎಲ್-5 ಮಾತ್ರ ಬೇಕೇ ಬೇಕು, ಬ್ರೀದರ್ ಸ್ವಚ್ಛವೂ ಇರಬೇಕು.