ಚೋಕ್ ಎಳೆದರೆ ಮಾತ್ರ ಓಡುವ ಗಾಡಿ, ಮತ್ತೆ ಅದೇ ಬಡಪಾಯಿ ಸ್ಕ್ರೂ

ಪ್ರಶ್ನೆ: "ಸರ, ನಂದು ಹಳೇ ಸ್ಪ್ಲೆಂಡರ್. ಚೋಕ್ ಎಳದ್ರ ಅಷ್ಟ ಚಾಲೂ ಇರ್ತೈತ್ರಿ. ತಗದ ಕೂಡ್ಲೆ ಬಂದ್ ಬೀಳ್ತೈತಿ. ಮಿಸ್ತ್ರಿ ಸ್ಕ್ರೂ ಟೈಟ್ ಮಾಡಿ ಕೊಟ್ಟಾನ, ಎವರೇಜೂ ಬರ್ತೈತಿ ಅಂದ. ಎರಡ ದಿನಕ್ಕ ಮತ್ತ ಅದ ಕತಿ. ಏನ್ ಮಾಡ್ಲಿ?"

ಈ ಪ್ರಶ್ನೆ ಬಂದಾಗಲೆಲ್ಲ ಗಾಡಿ ಹೆಸರು ಮಾತ್ರ ಬದಲಾಗಿರುತ್ತದೆ. ನವಲಗುಂದದಿಂದ ಸಿಡಿ 100, ಶಿಗ್ಗಾಂವಿಯಿಂದ ಸ್ಪ್ಲೆಂಡರ್, ಮುಂಡರಗಿಯಿಂದ ಆರ್‌ಎಕ್ಸ್ 100. ಆರ್‌ಎಕ್ಸ್ ಆದರೆ ಅದು ಯಾವಾಗಲೂ ಕಾಕಾಂದೇ ಆಗಿರುತ್ತದೆ, ಮತ್ತೆ ಯಾವಾಗಲೂ "ಒಂದ ಕೈಯಾಗ ಇದ್ದ ಗಾಡಿ". ಇರಲಿ. ಉತ್ತರ ಎಲ್ಲದಕ್ಕೂ ಒಂದೇ.

ಚೋಕ್ ಏನು ಮಾಡುತ್ತದೆ? ಗಾಳಿ ತಡೆದೋ, ಹೆಚ್ಚಿಗೆ ಪೆಟ್ರೋಲ್ ಬಿಟ್ಟೋ, ಒಳಗೆ ಹೋಗುವ ಮಿಶ್ರಣದಲ್ಲಿ ಪೆಟ್ರೋಲ್ ಅಂಶ ಹೆಚ್ಚಿಸುತ್ತದೆ. ಹಾಗಾದರೆ ಇಂಜಿನ್ ಬಿಸಿಯಾದ ಮೇಲೂ ಚೋಕ್ ಇಲ್ಲದೆ ಚಾಲೂ ಉಳಿಯದ ಗಾಡಿ ಏನು ಹೇಳುತ್ತಿದೆ? "ನನಗೆ ಪೆಟ್ರೋಲ್ ಸಾಲುತ್ತಿಲ್ಲ" ಅಂತ. ಇಲ್ಲವೇ "ಎಲ್ಲಿಂದಲೋ ಬೇಡದ ಗಾಳಿ ಒಳಗೆ ಬರುತ್ತಿದೆ" ಅಂತ. ಇವೆರಡರಲ್ಲಿ ಯಾವುದು ಅಂತ ಹುಡುಕುವುದಷ್ಟೇ ಕೆಲಸ.

ಮೊದಲು ಪೆಟ್ರೋಲ್ ಬರುತ್ತಿದೆಯಾ ನೋಡಿ. ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಕೆಳಗಿನ ಕಪ್‌ನಲ್ಲಿ ಡ್ರೇನ್ ಸ್ಕ್ರೂ ಇರುತ್ತದೆ. ತಣ್ಣಗಿರುವ ಗಾಡಿಯಲ್ಲಿ ಒಂದು ಪಾರದರ್ಶಕ ಬಾಟಲಿ ಹಿಡಿದು, ಕಾಕ್ (ಟ್ಯಾಂಕ್ ಕೆಳಗಿನ ಪೆಟ್ರೋಲ್ ನಲ್ಲಿ) ಆನ್ ಮಾಡಿ, ಆ ಸ್ಕ್ರೂ ಸಡಿಲ ಮಾಡಿ. ಬೀಡಿ ಸಿಗರೇಟು ದೂರ ಇರಲಿ. ಧಾರೆ ಒಂದೇ ಸಮ ಬಂದರೆ ಟ್ಯಾಂಕ್, ಕಾಕ್, ಪೈಪ್ ಸರಿ ಇವೆ. ತೊಟ್ಟಿಕ್ಕಿದರೆ ಟ್ಯಾಂಕ್ ಮುಚ್ಚಳ ತೆಗೆದು ನೋಡಿ. ಫುಸ್ಸೆಂದು ಸದ್ದಾಗಿ ಧಾರೆ ಜೋರಾದರೆ ಮುಚ್ಚಳದ ಗಾಳಿ ತೂತು ಮುಚ್ಚಿದೆ. ಆಗಲೂ ತೊಟ್ಟಿಕ್ಕಿದರೆ ಕಾಕ್‌ನ ಜಾಲರಿಯಲ್ಲಿ ಕಚ್ರಾ. ಬಾಟಲಿ ತಳದಲ್ಲಿ ಗುಂಡಗುಂಡಗೆ ಹನಿಗಳು ಹರಿದಾಡಿದರೆ ಅದು ನೀರು.

ಧಾರೆ ಚೆನ್ನಾಗಿದ್ದರೆ ಹತ್ತರಲ್ಲಿ ಎಂಟು ಸಲ ತಪ್ಪಿತಸ್ಥ ಸ್ಲೋ ಜೆಟ್. ಗಾಡಿ ನಿಂತಲ್ಲಿ ಚಾಲೂ ಇರುವಾಗ ಪೆಟ್ರೋಲ್ ಬಿಡುವುದು ಇದೇ, ಪೈಲಟ್ ಜೆಟ್ ಅಂತಲೂ ಕರೆಯುತ್ತಾರೆ. ಕಪ್ ಬಿಚ್ಚಿದರೆ ಕಾಣುವ ಸಣ್ಣ ಹಿತ್ತಾಳೆ ತುಂಡು. ಬಿಚ್ಚಿ ಬೆಳಕಿಗೆ ಹಿಡಿಯಿರಿ. ನಡುವೆ ಸೂಜಿಮೊನೆಯಷ್ಟು ದುಂಡನೆ ಬೆಳಕು ಕಾಣಬೇಕು. ಕೆಹಿನ್ ಕಂಪನಿಯ ಜೆಟ್ ಮೇಲೆ 38 ಅಂತ ಇದ್ದರೆ ತೂತಿನ ಅಗಲ ಸುಮಾರು 0.38 ಮಿಲಿಮೀಟರ್. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪೆಟ್ರೋಲ್ ಆರಿ ಅಂಟಾಗಿ ಇಲ್ಲೇ ಕೂತಿರುತ್ತದೆ. ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆಯಿರಿ, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿ. ಟಾಚಣಿ, ಸೂಜಿ, ಕ್ಲಚ್ ಕೇಬಲ್‌ನ ಎಳೆ ಹಾಕಿ ತಿವಿಯಬೇಡಿ. ಹಿತ್ತಾಳೆ ಮೆತ್ತಗಿನ ಲೋಹ, ತೂತು ದೊಡ್ಡದಾಗುತ್ತದೆ. ಆಮೇಲೆ ಹೊಸ ಜೆಟ್ಟೇ ಗತಿ.

ಜೆಟ್ ಸ್ವಚ್ಛ ಇದ್ದೂ ಕತೆ ಅದೇ ಆದರೆ ಕಾರ್ಬುರೇಟರ್ ಮತ್ತು ಇಂಜಿನ್ ನಡುವಿನ ಜೋಡಣೆ, ಅಲ್ಲಿನ ರಬ್ಬರ್ ನೋಡಿ. ಬಿರುಕು ಬಿಟ್ಟಿದ್ದರೆ ಅಲ್ಲಿಂದ ಗಾಳಿ ಎಳೆಯುತ್ತದೆ. ಗಾಡಿ ಚಾಲೂ ಇದ್ದಾಗ ಅಲ್ಲಿಗೆ ಸ್ವಲ್ಪ ನೀರು ಸ್ಪ್ರೇ ಮಾಡಿ. ಇಂಜಿನ್ ಸದ್ದು ಬದಲಾದರೆ ಕಳ್ಳ ಸಿಕ್ಕ.

ಪ್ರಶ್ನೆಗೆ ಉತ್ತರ ಇಷ್ಟೇ. ಈಗ ಮಿಸ್ತ್ರಿ ಟೈಟ್ ಮಾಡಿದ ಆ ಸ್ಕ್ರೂ, ಅಂದರೆ ಗಾಡಿ ನಿಂತಲ್ಲಿ ಚಾಲೂ ಇರುವಾಗಿನ ಗಾಳಿ-ಪೆಟ್ರೋಲ್ ಪ್ರಮಾಣ ಹೊಂದಿಸುವ ಕಾರ್ಬುರೇಟರ್ ಸ್ಕ್ರೂ ವಿಷಯಕ್ಕೆ ಬರೋಣ.

"ಸ್ಕ್ರೂ ಟೈಟ್ ಮಾಡಿದ್ರ ಎವರೇಜ್ ಬರ್ತೈತಿ." ಈ ಮಾತು ಹುಬ್ಬಳ್ಳಿ-ಧಾರವಾಡದ ಮಣ್ಣಿನಲ್ಲೇ ಇದೆಯೇನೋ ಅನ್ನಿಸುತ್ತದೆ. ಐಟಿಐ ಮುಗಿಸಿದ ಹುಡುಗರ ಬಾಯಲ್ಲೂ ಇದೇ. ಗಾಡಿ ಬಂತು, ಸ್ಕ್ರೂಡ್ರೈವರ್ ಬಂತು, ಎರಡು ಸಲ ರೇಸ್ ಕೊಟ್ಟ, "ಹೂಂ, ಈಗ ನೋಡ್ರಿ" ಅಂದ. ಮುಗೀತು.

ಆ ಸ್ಕ್ರೂಗೆ ಇರುವ ಅಧಿಕಾರ ಎಷ್ಟು? ನೀವು ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗಿನಿಂದ ಹಿಡಿದು ಸುಮಾರು ಕಾಲು ಭಾಗ ತಿರುಗಿಸುವ ತನಕ. ಅದರಲ್ಲೂ ನಿಜವಾದ ಹಿಡಿತ ಆರಂಭದಲ್ಲಿ ಮಾತ್ರ. ಆಮೇಲೆ ಮುಕ್ಕಾಲು ಭಾಗದವರೆಗೆ ಲೆಕ್ಕ ಇಡುವುದು ಆಕ್ಸಿಲರೇಟರ್ ತಿರುವಿದಂತೆ ಮೇಲೇಳುವ ಸ್ಲೈಡ್‌ಗೆ ತೂಗುಬಿದ್ದಿರುವ ಉದ್ದನೆಯ ಸೂಜಿ. ಅದರಾಚೆ, ಸ್ಲೋ ಜೆಟ್‌ಗಿಂತ ದೊಡ್ಡ ತೂತಿನ ಮೇನ್ ಜೆಟ್. ನಮ್ಮೂರ ಲೆಕ್ಕದಲ್ಲಿ ಹೇಳುವುದಾದರೆ, ಜುಬಿಲಿ ಸರ್ಕಲ್‌ನಲ್ಲಿ ನಿಂತಾಗ ಗಾಡಿ ಸ್ಲೋ ಜೆಟ್ ಮೇಲೆ ಇರುತ್ತದೆ. ನವನಗರ ದಾಟಿ 50ರ ವೇಗದಲ್ಲಿ ಒಂದೇ ಸಮ ಹೋಗುವಾಗ ಮುಖ್ಯವಾಗಿ ಸೂಜಿಯ ಮೇಲೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡ ಹತ್ತಿಸುವಾಗ ಮೇನ್ ಜೆಟ್ ಮೇಲೆ. ನಿಮ್ಮ ಪೆಟ್ರೋಲ್ ಖರ್ಚಾಗುವುದು ಎಲ್ಲಿ? ಸರ್ಕಲ್‌ನಲ್ಲಾ, ರಸ್ತೆಯಲ್ಲಾ?

ಗ್ಯಾಸ್ ಸ್ಟೋವ್‌ನ ನಾಬ್ ಒಳಗೆ ಸಿಮ್ ಉರಿ ಹೊಂದಿಸಲು ಒಂದು ಪುಟ್ಟ ಸ್ಕ್ರೂ ಇರುತ್ತದೆ. ಅದನ್ನು ತಿರುವಿದರೆ ದೊಡ್ಡ ಉರಿಯಲ್ಲಿ ರೊಟ್ಟಿ ಬೇಯಿಸುವಾಗ ಗ್ಯಾಸ್ ಉಳಿಯುತ್ತದಾ? ಇದೂ ಅದೇ.

ಇನ್ನೂ ಮಜಾ ಇದೆ. "ಟೈಟ್" ಅಂದರೆ ಎಲ್ಲ ಗಾಡಿಯಲ್ಲೂ ಒಂದೇ ಅರ್ಥ ಅಲ್ಲ. ಸ್ಕ್ರೂ ಏರ್ ಫಿಲ್ಟರ್ ಕಡೆ ಇದ್ದರೆ ಅದು ಗಾಳಿ ಸ್ಕ್ರೂ. ಒಳಗೆ ತಿರುವಿದರೆ ಗಾಳಿ ಕಡಿಮೆ, ಪೆಟ್ರೋಲ್ ಅಂಶ ಜಾಸ್ತಿ. ಇಂಜಿನ್ ಕಡೆ ಇದ್ದರೆ ಅದು ಪೆಟ್ರೋಲ್ ಬಿಡುವ ಸ್ಕ್ರೂ. ಒಳಗೆ ತಿರುವಿದರೆ ಪೆಟ್ರೋಲ್ ಕಡಿಮೆ. ಅಂದರೆ "ಎವರೇಜ್‌ಗೆ ಟೈಟ್" ಮಾಡಿದ ಮಿಸ್ತ್ರಿ ಒಂದು ಗಾಡಿಗೆ ಪೆಟ್ರೋಲ್ ಕುಡಿಸಿ, ಇನ್ನೊಂದನ್ನು ಉಪವಾಸ ಕೆಡವಿ, ಇಬ್ಬರ ಹತ್ತಿರವೂ ದುಡ್ಡು ಇಸ್ಕೊಂಡಿರುತ್ತಾನೆ. ಜೋರಾಗಿ ಬಿಗಿದಿದ್ದರೆ ಸ್ಕ್ರೂವಿನ ಚೂಪು ಮೊನೆ ಹಾಳಾಗಿ, ಅದು ಕೂರುವ ತೂತೂ ಕೆಟ್ಟಿರುತ್ತದೆ.

ಹಾಗಿದ್ದೂ ಜನ ಯಾಕೆ ನಂಬುತ್ತಾರೆ? ತಿರುವಿದ ಕ್ಷಣ ಸದ್ದು ಬದಲಾಗುತ್ತದೆ, ಅದಕ್ಕೆ. ಕಿವಿಗೆ ಫಲ ಸಿಕ್ಕಿತು, ಮನಸ್ಸಿಗೆ ಸಮಾಧಾನ ಆಯಿತು. ಎವರೇಜ್ ಅಳೆಯುವುದು ಹೇಗೂ "ಹೋದ ಸಲ ನೂರು ರೂಪಾಯಿ ಹಾಕಿಸಿದ್ದೆ, ಗುರುವಾರದ ತನಕ ಬಂತು" ಅನ್ನುವ ಲೆಕ್ಕದಲ್ಲಿ. ಎವರೇಜ್ ನಿಜವಾಗಿ ಬೇಕಾದರೆ ಟೈರ್ ಗಾಳಿ ನೋಡಿ. ಚಕ್ರ ಎತ್ತಿ ತಿರುಗಿಸಿ, ಬ್ರೇಕ್ ಹಿಡಿದಿದೆಯಾ ನೋಡಿ. ಚೈನ್‌ಗೆ ಎಣ್ಣೆ ಬಿಡಿ. ಏರ್ ಫಿಲ್ಟರ್ ತೆಗೆಯಿರಿ. ಹುಬ್ಬಳ್ಳಿ ಧೂಳಿನಲ್ಲಿ ಓಡಿದ ಫಿಲ್ಟರ್ ಕಟ್ಟಿಕೊಂಡರೆ ಅದೇ ಅರ್ಧ ಚೋಕ್ ಎಳೆದ ಹಾಗೆ, ಎವರೇಜ್ ಅಲ್ಲೇ ಹೋಗುತ್ತಿರುತ್ತದೆ.

ಸ್ಕ್ರೂ ಹೊಂದಿಸುವ ಸರಿ ದಾರಿ ಹೀಗಿದೆ. ಜೆಟ್ ಸ್ವಚ್ಛ ಆದ ಮೇಲೆ, ಸ್ಕ್ರೂ ಹಗುರವಾಗಿ ಒಳಗೆ ಕೂರಿಸಿ, ಅಲ್ಲಿಂದ ಸುಮಾರು ಒಂದೂವರೆ ಸುತ್ತು ಹೊರಗೆ ಬಿಡಿ. ಗಾಡಿಯ ಪುಸ್ತಕದಲ್ಲಿ ಬೇರೆ ಲೆಕ್ಕ ಇದ್ದರೆ ಅದೇ ಸರಿ. ಗಾಡಿ ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ. ನಿಂತಲ್ಲಿ ಚಾಲೂ ಇಟ್ಟು ಸ್ಕ್ರೂ ನಿಧಾನ ಒಳಗೆ ಹೊರಗೆ ತಿರುವಿ. ಇಂಜಿನ್ ಎಲ್ಲಿ ಅತಿ ಚುರುಕಾಗಿ ಓಡುತ್ತದೋ ಅಲ್ಲಿ ಬಿಡಿ. ಆಮೇಲೆ ನಿಂತಲ್ಲಿನ ಇಂಜಿನ್ ವೇಗ (ಸ್ಲೋ) ಹೊಂದಿಸುವ ದೊಡ್ಡ ಸ್ಕ್ರೂ ತಿರುವಿ ಸದ್ದು ಇಳಿಸಿ. ಕೆಲವು ದಿನ ಓಡಿಸಿ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಸರಿ. ಕರಿ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಸುಣ್ಣದ ಬಿಳುಪಿದ್ದರೆ ಪೆಟ್ರೋಲ್ ಕಡಿಮೆ. ಆರ್‌ಎಕ್ಸ್ ಇಟ್ಟುಕೊಂಡವರು ಈ ಬಿಳುಪಿಗೆ ಹೆದರಬೇಕು. ಟೂ ಸ್ಟ್ರೋಕ್ ಇಂಜಿನ್ ಹಾಗೆ ಬಿಸಿಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಯಾರೂ ಕೇಳದಿದ್ದರೂ ಇನ್ನೊಂದು ಮಾತು. ಮೊದಲು ವರ್ಷಗಟ್ಟಲೆ ಕಾರ್ಬುರೇಟರ್ ಬಿಚ್ಚದ ಗಾಡಿಗಳು ಈಗ ಯಾಕೆ ಇಷ್ಟು ಬೇಗ ಕಟ್ಟಿಕೊಳ್ಳುತ್ತಿವೆ?

2025ರ ಹೊತ್ತಿಗೆ ಪಂಪ್‌ಗಳಲ್ಲಿ ಸಿಗುವುದು ಬಹುತೇಕ ಇ20, ಅಂದರೆ ನೂರರಲ್ಲಿ 20 ಪಾಲು ಎಥೆನಾಲ್. ಕಬ್ಬಿನಿಂದ ಬರುತ್ತದೆ. ನಮ್ಮ ಹಾವೇರಿ ಕಡೆ ಬೆಳೆಯುವ ಗೋವಿನಜೋಳದಿಂದಲೂ ಬರುತ್ತದೆ. ಹಾಗಾಗಿ ಸುಮ್ನೆ ಬೈಯಲು ನನಗೆ ಮನಸ್ಸಿಲ್ಲ. ಆದರೆ ಎಥೆನಾಲ್ ಟ್ಯಾಂಕಿನ ಹಳೆ ಅಂಟು ಕೊಳೆಯನ್ನು ಎಬ್ಬಿಸಿ ಕೆಳಗೆ ಕಳಿಸುತ್ತದೆ. ಹಳೆ ರಬ್ಬರ್ ವಾಷರ್, ಪೈಪ್‌ಗಳನ್ನು ಉಬ್ಬಿಸಿ ಹಾಳು ಮಾಡುತ್ತದೆ. ನೀರನ್ನು ಎಳೆದುಕೊಳ್ಳುತ್ತದೆ. ಧಾರವಾಡದ ಮಳೆಗೆ ಮುಚ್ಚಳದ ಸಂದಿಯಿಂದ ನೀರು ಇಳಿದು ಜಾಸ್ತಿ ಆದರೆ, ನೀರು ಮತ್ತು ಎಥೆನಾಲ್ ಎರಡೂ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ. ರಿಸರ್ವ್‌ಗೆ ಹಾಕಿದಾಗ ಮೊದಲು ಬರುವುದು ಅದೇ.

ಜೊತೆಗೆ ಒಂದು ಕೆಜಿ ಪೆಟ್ರೋಲ್ ಉರಿಯಲು 14.7 ಕೆಜಿ ಗಾಳಿ ಬೇಕು, ಎಥೆನಾಲ್‌ಗೆ 9 ಕೆಜಿ ಸಾಕು. ಕಾರ್ಬುರೇಟರ್‌ಗೆ ಇದು ಗೊತ್ತಾಗುವುದಿಲ್ಲ. ಅದೇ ಹಳೆ ಜೆಟ್, ಅದೇ ಹಳೆ ಲೆಕ್ಕ. ಹಾಗಾಗಿ ಮಿಶ್ರಣ ಮೊದಲೇ ಸ್ವಲ್ಪ ಗಾಳಿಯ ಕಡೆ ವಾಲಿರುತ್ತದೆ. ಅದರ ಮೇಲೆ ಎವರೇಜ್ ಆಸೆಗೆ ಪೆಟ್ರೋಲ್ ಇನ್ನೂ ಕಡಿಮೆ ಮಾಡಿದರೆ ಚೋಕ್ ಇಲ್ಲದೆ ಗಾಡಿ ಹೇಗೆ ಚಾಲೂ ಉಳಿದೀತು? ಅಂದಹಾಗೆ, ಎಥೆನಾಲ್‌ನಲ್ಲಿ ಶಕ್ತಿಯೇ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಎವರೇಜ್ ಸ್ವಲ್ಪ ಇಳಿದಿದ್ದರೆ ಅದಕ್ಕೆ ಮಿಸ್ತ್ರಿಯೂ ಕಾರಣ ಅಲ್ಲ, ಸ್ಕ್ರೂ ಕೂಡ ಅಲ್ಲ.

ಪಂಚಮಿಗೆ ಊರಿಗೆ ಹೋಗಿ ಹದಿನೈದು ದಿನ ಬರುವುದಿಲ್ಲ ಅಂದರೆ ಕಾಕ್ ಆಫ್ ಮಾಡಿ, ಡ್ರೇನ್ ಸ್ಕ್ರೂ ಬಿಚ್ಚಿ ಕಪ್ ಖಾಲಿ ಮಾಡಿ ಹೋಗಿ. ಟ್ಯಾಂಕ್ ತುಂಬಿಸಿಡಿ, ಒಳಗೆ ತುಕ್ಕು ಕಡಿಮೆ ಹಿಡಿಯುತ್ತದೆ. ಪೆಟ್ರೋಲ್ ಪೈಪ್ ಕೈಯಲ್ಲಿ ಬಗ್ಗಿಸಿದಾಗ ಲಟಕ್ಕೆಂದರೆ ಅವತ್ತೇ ಬದಲಿಸಿ.