ಮೂರೇ ವಾರದಲ್ಲಿ ಬರೆದ ಕಾದಂಬರಿ: ಎಷ್ಟು ನಿಜ, ಎಷ್ಟು ಕತೆ?

ಓದುಗರ ಪ್ರಶ್ನೆ: ಅಮೆರಿಕದ ಲೇಖಕ ಜಾಕ್ ಕೆರುವಾಕ್ ‘ಆನ್ ದ ರೋಡ್’ ಕಾದಂಬರಿಯನ್ನು ಮೂರೇ ವಾರದಲ್ಲಿ, ಒಂದೇ ಉದ್ದನೆ ಕಾಗದದ ಮೇಲೆ ಬರೆದು ಮುಗಿಸಿದ ಅಂತಾರೆ. ಹೌದಾ?

ಟೈಪ್ ಮಾಡಿದ್ದು ಮೂರು ವಾರ, ಅದು ನಿಜ. 1951ರ ಏಪ್ರಿಲ್ 2ರಿಂದ 22ರವರೆಗೆ, ನ್ಯೂಯಾರ್ಕಿನ ಚೆಲ್ಸಿಯಾದಲ್ಲಿ. ಹಾಳೆ ಬದಲಿಸಲು ಕೈ ನಿಲ್ಲಬಾರದು ಅಂತ ತೆಳು ಕಾಗದಗಳನ್ನು ಟೈಪ್‌ರೈಟರಿನ ಅಗಲಕ್ಕೆ ಕತ್ತರಿಸಿ, ತುದಿಗೆ ತುದಿ ಅಂಟಿಸಿಕೊಂಡಿದ್ದ. ಆ ಸುರುಳಿ ಸುಮಾರು 120 ಅಡಿ ಉದ್ದ. ಪ್ಯಾರಾಗಳಿಲ್ಲ, ಸಾಲುಗಳ ನಡುವೆ ಜಾಗವೂ ಇಲ್ಲ. ಕೊನೆಯ ಒಂದಷ್ಟು ಭಾಗ ಗೆಳೆಯನ ನಾಯಿಯ ಹೊಟ್ಟೆಗೆ ಹೋಯಿತು. ಹಾಗಂತ ಕೆರುವಾಕನೇ ಸುರುಳಿಯ ತುದಿಯಲ್ಲಿ ಬರೆದಿಟ್ಟಿದ್ದಾನೆ.

ಆದರೆ ಪುಸ್ತಕ ಮೂರು ವಾರದ್ದಲ್ಲ. ಅದರ ವಸ್ತು ಅಮೆರಿಕದ ರಸ್ತೆಗಳಲ್ಲಿ ಅವನದೇ ಅಲೆದಾಟ, ಅದು ಶುರುವಾದದ್ದು 1947ರಲ್ಲಿ. 1948ರಿಂದಲೇ ಬರೆದು ಅರ್ಧಕ್ಕೆ ಬಿಟ್ಟ ಕರಡುಗಳಿವೆ, ನೋಟ್‌ಬುಕ್ಕುಗಳಿವೆ. 1950ರ ಡಿಸೆಂಬರಿನಲ್ಲಿ ಗೆಳೆಯ ನೀಲ್ ಕ್ಯಾಸಡಿಯಿಂದ ಬಂದ ಒಂದು ಉದ್ದನೆ ಪತ್ರ, ಬರವಣಿಗೆ ಹೀಗೆ ಏದುಸಿರಲ್ಲಿ ಓಡಬಹುದು ಅಂತ ಅವನಿಗೆ ತೋರಿಸಿಕೊಟ್ಟಿತು. ಸುರುಳಿ ಮುಗಿದ ಮೇಲೂ ತಿದ್ದಿದ, ಮತ್ತೆ ಟೈಪ್ ಮಾಡಿದ. ಯಾರಾದರೂ ಕೇಸು ಹಾಕಿಯಾರು ಎಂಬ ಭಯಕ್ಕೆ ಹೆಸರುಗಳೂ ಬದಲಾದವು: ಕ್ಯಾಸಡಿ ಡೀನ್ ಮೊರಿಯಾರ್ಟಿ ಆದ, ಕವಿ ಅಲೆನ್ ಗಿನ್ಸ್‌ಬರ್ಗ್ ಕಾರ್ಲೊ ಮಾರ್ಕ್ಸ್ ಆದ. ಅಚ್ಚಾಗುವ ಹೊತ್ತಿಗೆ 1957. ಸುರುಳಿಯ ಮೂಲ ರೂಪವೂ 2007ರಲ್ಲಿ ಪುಸ್ತಕವಾಗಿ ಬಂದಿದೆ, ಆದರೆ ಹೊಸಬರು ಮೊದಲು 1957ರದ್ದನ್ನೇ ಓದಿ. ಪ್ಯಾರಾ ಇಲ್ಲದ ಪುಟಗಳಲ್ಲಿ ಉಸಿರು ಕಟ್ಟುತ್ತದೆ.

ಕತೆ ಹಬ್ಬಲು ಅವನೂ ಒಂದು ಕಾರಣ. 1959ರಲ್ಲಿ ಸ್ಟೀವ್ ಅಲೆನ್ ತನ್ನ ಟೀವಿ ಶೋನಲ್ಲಿ, ಬರೆಯೋಕೆ ಎಷ್ಟು ದಿನ ಹಿಡಿಯಿತು ಅಂತ ಕೇಳಿದ. ಮೂರು ವಾರ ಅಂದ ಕೆರುವಾಕ್. ರಸ್ತೆ ಮೇಲೆ ಎಷ್ಟು ಕಾಲ ಇದ್ದಿರಿ ಅಂದಿದ್ದಕ್ಕೆ ಏಳು ವರ್ಷ ಅಂದ. ಜನ ಮೊದಲನೇ ಉತ್ತರವನ್ನಷ್ಟೇ ನೆನಪಿಟ್ಟುಕೊಂಡರು.

ಕೆರುವಾಕನೇ ಮುನ್ನುಡಿ ಬರೆದುಕೊಟ್ಟ ‘ದಿ ಅಮೆರಿಕನ್ಸ್’ ಫೋಟೋ ಪುಸ್ತಕದ ಬಗ್ಗೆಯೂ ಇಂಥದ್ದೇ ಮಾತು: ಫೋಟೋಗ್ರಾಫರ್ ರಾಬರ್ಟ್ ಫ್ರಾಂಕ್ ಸುಮ್ನೆ ಕಾರಿನಲ್ಲಿ ತಿರುಗುತ್ತಾ ಓರೆಕೋರೆಯಾಗಿ ಕ್ಲಿಕ್ಕಿಸಿದ ಅಂತ. ನ್ಯೂ ಆರ್ಲಿಯನ್ಸ್‌ನ ಟ್ರಾಮ್ ಚಿತ್ರ ನೋಡಿ. ಕಿಟಕಿಗಳ ಸಾಲಿನಲ್ಲಿ ಮುಂದೆ ಬಿಳಿಯರು, ಹಿಂದೆ ಕಪ್ಪು ಜನ, ಅವರಲ್ಲೊಬ್ಬ ನೇರ ನಮ್ಮನ್ನೇ ನೋಡುತ್ತಾನೆ. ಮೆರವಣಿಗೆಯ ಫೋಟೋ ತೆಗೆಯುತ್ತಿದ್ದ ಫ್ರಾಂಕ್ ಥಟ್ಟನೆ ಹಿಂದೆ ತಿರುಗಿ ತೆಗೆದದ್ದು ಇದು. ಹೌದು, ಕ್ಷಣದ ಕೆಲಸ. ಆದರೆ 1955-56ರಲ್ಲಿ ತೆಗೆದ 27,000ಕ್ಕೂ ಜಾಸ್ತಿ ಫ್ರೇಮುಗಳಲ್ಲಿ ಪುಸ್ತಕಕ್ಕೆ ಉಳಿದದ್ದು 83. ಸಾವಿರಕ್ಕೂ ಹೆಚ್ಚು ಪ್ರಿಂಟ್ ಹಾಕಿ, ಗೋಡೆ, ನೆಲದ ಮೇಲೆಲ್ಲ ಹರಡಿಕೊಂಡು ಆರಿಸಿದ್ದ. ನನ್ನ ಕೇಳಿದರೆ ಅವನ ದೊಡ್ಡತನ ಇರೋದು ಆ ಆರಿಸುವಿಕೆಯಲ್ಲೇ.

ಹಳ್ಳಿಯ ಹಾಡುಗಾರರಿಗಂತೂ ಹುಟ್ಟಿನಿಂದಲೇ ಬಂದ ಕಲೆ ಅಂದುಬಿಟ್ಟರೆ ಕೆಲಸ ಮುಗೀತು, ಅಲ್ವಾ? ಅಮೆರಿಕದ ಬ್ಲೂಸ್ ಹಾಡುಗಾರ ಮಿಸಿಸಿಪಿ ಜಾನ್ ಹರ್ಟ್ 1928ರಲ್ಲಿ ಹಾಡಿದ ರೆಕಾರ್ಡುಗಳು ಅಷ್ಟಾಗಿ ಓಡಲಿಲ್ಲ. ವಾಪಸ್ ಹೊಲದ ಕೆಲಸಕ್ಕೆ ಹೋದ. 1952ರಲ್ಲಿ ಹ್ಯಾರಿ ಸ್ಮಿತ್ ಹಳೇ ರೆಕಾರ್ಡುಗಳಿಂದ 84 ಹಾಡು ಆರಿಸಿ ಹೊರತಂದ ಸಂಕಲನದಲ್ಲಿ ಇವನವೂ ಎರಡಿದ್ದವು. ಸಂಕಲನದಲ್ಲಿಲ್ಲದ ಅವನ ಇನ್ನೊಂದು ಹಾಡು ‘ಅವಲಾನ್ ಬ್ಲೂಸ್’ನಲ್ಲಿ ಬರುವ ಅವಲಾನ್ ಎಂಬ ಊರಿನ ಹೆಸರೇ ಸುಳಿವಾಗಿ, 1963ರಲ್ಲಿ ಅಭಿಮಾನಿಗಳು ಅವನನ್ನು ಹುಡುಕಿಕೊಂಡು ಹೋದರು. ಆಗ ಅವನಿಗೆ ಹತ್ತಿರ ಹತ್ತಿರ ಎಪ್ಪತ್ತು. ‘ಅವಲಾನ್ ಬ್ಲೂಸ್’ ಕೇಳುವಾಗ ಹಾಡನ್ನು ಬಿಟ್ಟು ಬರೀ ಗಿಟಾರಿನ ದಪ್ಪ ತಂತಿಗಳಿಗೆ ಕಿವಿಗೊಡಿ. ಬೆರಳುಗಳು ಮೇಲೆ ರಾಗ ಬಿಡಿಸುತ್ತಿದ್ದರೂ, ಹೆಬ್ಬೆರಳು ಒಂದು ತಂತಿಯಿಂದ ಇನ್ನೊಂದಕ್ಕೆ ಹೋಗಿಬರುತ್ತಾ ಲಯ ತಪ್ಪದೆ ನಡೆಯುತ್ತಲೇ ಇರುತ್ತದೆ.